ಗಾಳಿಗೆ ಲೆಕ್ಕ ಇಲ್ಲ

ಖಲೀಲನ ಗುಜರಿಯಲ್ಲಿ, ಮುರಿದ ಕೂಲರು, ಸೈಕಲ್ ರಿಮ್ಮುಗಳ ಅಡಿಯಲ್ಲಿ
ಅದು ಸಿಕ್ಕಿತು: ಉದ್ದನೆಯ ಕೋಲು, ತುದಿಗೆ ಕಬ್ಬಿಣದ ಪಾದ,
ಅಂಗಾಲಿನಲ್ಲಿ ಏಳು ಎಂಬ ಅಂಕಿ.
ಟಿವಿಯಲ್ಲಿ ನೋಡಿದ್ದೆ, ಗಾಲ್ಫು.
"ನಾಯಿ ಓಡ್ಸಾಕೇನ್ ಸರ?" ಅಂದ.
ನೂರಾ ಎಂಬತ್ತಕ್ಕೆ ಕೊಟ್ಟ, ಮೇಲೊಂದು ಹಿಡಿ ಚೆಂಡು,
ತರಕಾರಿಯವಳು ಕರಿಬೇವು ಹಾಕಿದ ಹಾಗೆ.

ಆರು ದಿನ ನಾನು ಎಪಿಎಂಸಿಯ ವೇಬ್ರಿಜ್ಜಿನಲ್ಲಿ
ಮೆಕ್ಕೆಜೋಳದ ಲಾರಿ ತೂಗುತ್ತೇನೆ.
ತುಂಬಿ ಬಂದದ್ದು, ಖಾಲಿ ಹೋದದ್ದು, ಕಳೆದು ಉಳಿದದ್ದು.
ಹತ್ತು ಕಿಲೋ ಬಿಡಿ ಸಾರ್ ಅಂದವರಿಗೆ
ಕೆಂಪು ಅಂಕಿ ತೋರಿಸುತ್ತೇನೆ, ಮಾತಾಡುವುದಿಲ್ಲ.

ಭಾನುವಾರ ಬೆಳಕು ಹರಿಯುವ ಮೊದಲು
ಮುಚ್ಚಿದ ಮಿಲ್ಲಿನ ಹಿಂದಿನ ಬಯಲು ನನ್ನದು.
ಬೇವಿನ ಮರದಿಂದ ಹೂತಿಟ್ಟ ಡಾಲ್ಡಾ ಡಬ್ಬಿಗೆ
ಇನ್ನೂರ ಹತ್ತು ಹೆಜ್ಜೆ. ನಡುವೆ
ತುಕ್ಕು ಹಿಡಿದ ಬಾಯ್ಲರು, ಬಳ್ಳಾರಿ ಜಾಲಿ, ಒಂದು ನಾಯಿಯ ಸಂಸಾರ.

ಒಬ್ಬನೇ ಆಡುವುದರಲ್ಲಿ ಸುಖವಿದೆ, ಸುಳ್ಳು ಹೇಳಬಾರದು.
ಚೆಂಡಿಗೆ ಕೋಲು ತಾಗಿದ ಸದ್ದು
ಮಿಲ್ಲಿನ ಗೋಡೆವರೆಗೂ ಹೋಗಿ ವಾಪಸು ಬರುತ್ತದೆ,
ಎಣಿಸಿ ಕೊಟ್ಟ ಚಿಲ್ಲರೆಯಂತೆ.
ಕಾಯುವವರಿಲ್ಲ, ಕಾಯಿಸುವವರಿಲ್ಲ.
ಆದರೆ ಬೀಸಿದ ಕೋಲು ಚೆಂಡಿಗೆ ತಾಗದೆ
ಗಾಳಿಯನ್ನಷ್ಟೇ ಕೊಯ್ದು ಬಂದರೆ
"ಒಂದು" ಅನ್ನುತ್ತೇನೆ, ಗಟ್ಟಿಯಾಗಿ.
ಮತ್ತೆ ತಪ್ಪಿದರೆ "ಎರಡು".
ಆ ಮಬ್ಬಿನಲ್ಲಿ ಯಾರು ನೋಡಿದರು? ನಾನು ನೋಡಿದೆ.
ನನಗೂ ನಾನು ಹತ್ತು ಕಿಲೋ ಬಿಡುವವನಲ್ಲ.

ಮೊದಲು ಬಂದವನು ಹೊನ್ನೂರಪ್ಪ,
ಇದೇ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವನು,
ಮುಚ್ಚಿ ಇಷ್ಟು ವರ್ಷವಾದರೂ ಪಾಳಿಗೆ ಬಂದಂತೆ
ಐದೂವರೆಗೆ ಗೇಟಿನ ಬಳಿ ನಿಲ್ಲುವವನು.
"ಹಿಡಿತ ಸಡಿಲ ಬಿಡಪಾ, ಸ್ಪಾನರ್ ಅಲ್ಲ ಅದು" ಅಂದ.
ಆಮೇಲೆ ಮಂಡಕ್ಕಿ ಭಟ್ಟಿಯ ದಾದಾಪೀರ್,
ಹುಬ್ಬಿಗೆ ಬೂದಿ ಮೆತ್ತಿಕೊಂಡೇ.
ಆಮೇಲೆ ರಾತ್ರಿ ಪಾಳಿ ಮುಗಿಸಿದ ನರ್ಸ್ ಶಾಂತವೀರಮ್ಮ,
ಮನೆಗೆ ಇದೇ ಒಳದಾರಿ ಅಂತ ನೆಪ ಹೇಳಿ.
ಸೆರಗು ಸಿಕ್ಕಿಸಿ, ಚಪ್ಪಲಿ ಕಳಚಿ, ಒಂದೇ ಏಟು.
ಚೆಂಡು ಬಾಯ್ಲರು ದಾಟಿತು.
ನಾವು ಮೂವರೂ ಸ್ವಲ್ಪ ಹೊತ್ತು
ಹೊಗೆಯಿಲ್ಲದ ಚಿಮಣಿ ನೋಡಿದೆವು.

ನಾಲ್ವರಿಗೆ ಒಂದೇ ಕೋಲು.
ಆಟವೆಂದರೆ ಮುಕ್ಕಾಲು ಪಾಲು ಕಾಯುವುದು,
ಮಂಡಕ್ಕಿ ಮುಕ್ಕುವುದು, ಹೊನ್ನೂರಪ್ಪನ ಮಂಡಿನೋವು ಕೇಳುವುದು.
ಹೊಡೆಯಲು ನಿಂತಾಗಲೇ ಕೆಮ್ಮುತ್ತಾರೆ,
ಚೆಂಡಿನ ಮೇಲೆ ನೆರಳು ಚಾಚುತ್ತಾರೆ, ಬುದ್ಧಿ ಹೇಳುತ್ತಾರೆ.
ತಲೆ ಚಿಟ್ಟು ಹಿಡಿಯುತ್ತದೆ.
ಆದರೆ ಕೈಗೆ ಬಂದ ಕೋಲಿನ ಹಿಡಿ ಬೆಚ್ಚಗಿರುತ್ತದೆ.
ಅಲ್ಲಿಯವರೆಗೆ ಅದು ತಣ್ಣಗಿತ್ತೆಂದು
ನನಗೆ ಗೊತ್ತೇ ಇರಲಿಲ್ಲ.

ಅವತ್ತು ಬೀಸಿದೆ, ತಪ್ಪಿತು. ನಕ್ಕರು.
ನಾಯಿಯೂ ಎದ್ದು ಕೂತಿತು.
"ಒಂದು" ಅಂದೆ.
"ಏನ್ ಒಂದು? ಗಾಳಿಗೆ ಲೆಕ್ಕ ಇಲ್ಲಪಾ, ಮತ್ತ ಹೊಡಿ"
ಅಂದ ಹೊನ್ನೂರಪ್ಪ, ಮಿಲ್ಲಿನ ಮಾಲೀಕನ ಠೀವಿಯಲ್ಲಿ.
ಉಳಿದಿಬ್ಬರೂ ಹೂಂ ಅಂದರು.
ಯಾವ ಪುಸ್ತಕದಲ್ಲಿದೆ ಈ ನಿಯಮ ಅಂತ
ಕೇಳಬೇಕೆನಿಸಿತು. ಕೇಳಲಿಲ್ಲ.

ಈ ಭಾನುವಾರ ಯಾರೂ ಇಲ್ಲ.
ಹೊನ್ನೂರಪ್ಪ ಪೊರೆ ತೆಗೆಸಿಕೊಂಡು ಹರಿಹರದ ಮಗಳ ಮನೆಯಲ್ಲಿ,
ಭಟ್ಟಿಗೆ ಮದುವೆ ಮನೆಯ ಆರ್ಡರು,
ಶಾಂತವೀರಮ್ಮನಿಗೆ ಹಗಲು ಪಾಳಿ.
ಹಿಡಿ ತಣ್ಣಗಿದೆ. ಬೀಸಿದೆ. ಬರೀ ಗಾಳಿ.
"ಒಂ" ಅನ್ನುವಷ್ಟು ಬಾಯಿ ತೆರೆದಿತ್ತು.
ಆಚೀಚೆ ನೋಡಿ, ಗಂಟಲು ಒರಟು ಮಾಡಿಕೊಂಡು
"ಲೆಕ್ಕ ಇಲ್ಲಪಾ, ಮತ್ತ ಹೊಡಿ" ಅಂದೆ.
ಅವನ ಹಾಗೆ ಬರಲಿಲ್ಲ.
ಹೊಡೆದೆ. ಚೆಂಡು ಜಾಲಿಯೊಳಗೆ ಹೋಯಿತು.

ಮೊಣಕಾಲೂರಿ, ಮುಳ್ಳು ಸರಿಸಿ ಹುಡುಕಿದೆ,
ಎಂಟು ಕಣ್ಣಿನ ಕೆಲಸ ಎರಡು ಕಣ್ಣಿಗೆ.
ಸಿಕ್ಕಿದ್ದು ಬೇರೆ ಚೆಂಡು, ಯುಗಾದಿಗೆ ಮುಂಚೆ ಕಳೆದದ್ದು,
ಮೇಲೆ ಶಾಂತವೀರಮ್ಮ ಗುರುತಿಗೆಂದು ಹಚ್ಚಿದ್ದ
ಗಾಯದ ನೇರಳೆ ಔಷಧದ ಚುಕ್ಕೆ.
ಒರೆಸಿ ಜೇಬಿಗೆ ಹಾಕಿಕೊಂಡೆ.
ಬಿಸಿಲೇರಿತು.
ನನ್ನದು ಇನ್ನೂ ಸಿಕ್ಕಿಲ್ಲ.