ಗಿಡುಗವನ್ನು ಮರಳಿಸಿದ ದಿನ

ಅಮ್ಮ ತೀರಿಕೊಂಡ ಆರನೇ ವಾರ
ರೇಕ್ಯಾವಿಕ್‌ನಿಂದ ಕಾಗದ ಬಂತು, ಬಲು ಮರ್ಯಾದೆಯ ಕಾಗದ:
ತಮ್ಮ ದುಃಖದಲ್ಲಿ ನಾವೂ ಭಾಗಿಗಳು,
ಅನುಕೂಲವಾದಾಗ
ಪದಕವನ್ನು ಹಿಂದಿರುಗಿಸತಕ್ಕದ್ದು.

ನಮ್ಮಲ್ಲಿ ಪದ್ಧತಿಯೇ ಹಾಗೆ.
ಎದೆಗೆ ಚುಚ್ಚಿದ್ದು ಉಸಿರಿರುವ ತನಕ,
ಆಮೇಲೆ ಗಿಡುಗ ಗೂಡಿಗೆ ಮರಳಬೇಕು.
ದೇಶದ ಅತಿ ದೊಡ್ಡ ಗೌರವವೂ
ವಾಚನಾಲಯದ ಪುಸ್ತಕದ ಹಾಗೆ, ಕಡ.
ಅಮ್ಮನಿಗೆ ಇದು ಹಿಡಿಸಿತ್ತು.
'ಸದ್ಯ, ಒರೆಸಿಡುವ ಕೆಲಸ ನಿನಗೆ ತಪ್ಪಿತು' ಅಂದಿದ್ದಳು.

ಸಿಕ್ಕಿದ್ದು ಅಡುಗೆಮನೆಯ ಮೂರನೇ ಡ್ರಾಯರಿನಲ್ಲಿ,
ದಾರದುಂಡೆ, ಸತ್ತ ಬ್ಯಾಟರಿ,
ಕುರಿಯ ಕಿವಿಗೆ ಹಾಕುವ ಹಳದಿ ಬಿಲ್ಲೆಗಳ ನಡುವೆ
ಉಣ್ಣೆಯ ಒಂಟಿ ಕಾಲುಚೀಲದೊಳಗೆ.
ನೀಲಿ ಪಟ್ಟಿ, ಬಿಳಿ ಶಿಲುಬೆ, ನಡುವೆ ಬೆಳ್ಳಿಯ ಹಕ್ಕಿ.
ಹಿಂದಿನ ಪಿನ್ನು ಮುರಿದಿತ್ತು. ಆ ಜಾಗದಲ್ಲಿ
ಅಮ್ಮ ಬಗ್ಗಿಸಿ ಕೂರಿಸಿದ್ದಳು
ಒಂದು ಮೀನುಗಾಳ.

ಕೊಟ್ಟದ್ದು ಯಾವುದಕ್ಕೆಂದರೆ
ನಲವತ್ತೊಂದು ವರ್ಷ ಗಾಳಿಯನ್ನು ಓದಿದ್ದಕ್ಕೆ.
ಮೂರು ಗಂಟೆಗೊಮ್ಮೆ, ಹಗಲೆನ್ನದೆ ಇರುಳೆನ್ನದೆ,
ಹಿತ್ತಲ ಬಿಳಿ ಪೆಟ್ಟಿಗೆಯ ಬಾಗಿಲು ತೆರೆದು
ಪಾದರಸ ನೋಡಿ, ಮೋಡ ನೋಡಿ,
ಅಲೆಯ ಎತ್ತರ ಕಣ್ಣಳತೆಯಲ್ಲೇ ಹಿಡಿದು
ಫೋನಿನಲ್ಲಿ ಅಂಕಿ ಹೇಳುತ್ತಿದ್ದಳು. ಬರೀ ಅಂಕಿ.
ನಾನು ನಿದ್ದೆಹೋಗುತ್ತಿದ್ದ ಜೋಗುಳ ಅದು:
ಈಶಾನ್ಯ ಒಂಬತ್ತು, ಹಿಮ, ನೋಟ ಇನ್ನೂರು ಮೀಟರು.

ಅಧ್ಯಕ್ಷರ ಮನೆಯಲ್ಲಿ ಅವತ್ತು ಹನ್ನೆರಡು ಜನ.
ಮೂಳೆ ಡಾಕ್ಟರು, ಚರ್ಚಿನಲ್ಲಿ ಆರ್ಗನ್ ನುಡಿಸುವ ಮುದುಕ,
ಕಿವುಡ ಮಕ್ಕಳಿಗೆ ಕಲಿಸಿದ ಮೇಷ್ಟ್ರು,
ಮೀನು ಕಂಪನಿಯ ಒಬ್ಬ ಮಾಲೀಕ
(ಇವನಿಗೆ ಯಾಕೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಕೇಳಲಿಲ್ಲ).
ಹೆಸರು ಕರೆದಾಗ ಅಮ್ಮ ಕಿಟಕಿಯಾಚೆ
ಬಾವುಟದ ಬಡಿತ ನೋಡುತ್ತಿದ್ದಳು.
'ಆರು' ಅಂದಳು ನನ್ನ ಕಿವಿಯಲ್ಲಿ, 'ಸಂಜೆಗೆ ಏಳಾಗುತ್ತೆ.'
ಆಯಿತು ಕೂಡ.

ಬಿನ್ನವತ್ತಳೆ ಓದಿದರು: 'ಒಂದು ಸಲವೂ ತಪ್ಪದೆ...'
ಅಮ್ಮ ಬಾಯಿ ತೆರೆದಳು.
ಚಪ್ಪಾಳೆ ಬಂತು.
ಬಾಯಿ ಮುಚ್ಚಿತು.

ಕಾಲುಚೀಲದ ತುದಿಯಲ್ಲಿ, ಹೆಬ್ಬೆರಳಿನ ಜಾಗದಲ್ಲಿ,
ಇನ್ನೂ ಏನೋ ಸರಪರ ಅಂದಿತು.
ನಾಲ್ಕು ಮಡಿಕೆಯ ಹಾಳೆ, ಹವಾಮಾನದ ಪುಸ್ತಕದಿಂದ ಹರಿದದ್ದು.
ಫೆಬ್ರವರಿಯ ಒಂದು ರಾತ್ರಿ. ಒಂಬತ್ತರ ಸಾಲಿನಲ್ಲಿ ಅಂಕಿ ಇದೆ.
ಹನ್ನೆರಡು, ಖಾಲಿ.
ಮೂರು, ಖಾಲಿ.
ಆರರ ಎದುರು ನಡುಗುವ ಕೈಯಲ್ಲಿ: ಉತ್ತರ, ಹನ್ನೊಂದು.
ಅಂಚಿನಲ್ಲಿ ಪೆನ್ಸಿಲಿನಿಂದ ಎರಡು ಹೆಸರು.
ಸ್ಟೈನೋಲ್ವುರ್. ಅವನ ತಮ್ಮ ಹಾಲ್ವಾರ್ಡುರ್.
ಬೆಳಗಿನ ಜಾವ ನಾಲ್ಕಕ್ಕೆ ಅವರ ದೋಣಿ ಹೊರಟಿತೆಂದು ಊರಿಗೆಲ್ಲ ಗೊತ್ತು.
ಗಾಳಿಯ ಸುದ್ದಿ ಮುಟ್ಟಿದ್ದರೆ ನಿಲ್ಲುತ್ತಿದ್ದರೋ ಇಲ್ಲವೋ
ಯಾರಿಗೂ ಗೊತ್ತಿಲ್ಲ.

ತಾರೀಖು ನನಗೆ ಗೊತ್ತು.
ಅಪ್ಪ ದಕ್ಷಿಣದ ಬಂದರಿನಲ್ಲಿದ್ದ. ದಾರಿ ಹಿಮದಲ್ಲಿ ಹೂತಿತ್ತು,
ಸೂಲಗಿತ್ತಿ ಅರ್ಧ ದಾರಿಯಿಂದ ಹಿಂದಿರುಗಿದಳು.
'ಒಲೆ ಮುಂದೆ ಹೆತ್ತೆ, ಬೆಕ್ಕಿನ ಹಾಗೆ' ಎಂದು
ಅಮ್ಮ ನಗುತ್ತ ಹೇಳುತ್ತಿದ್ದ ಕಥೆ ಅದು.
ಪ್ರತಿ ವರ್ಷ ಕೇಕು ಮಾಡಿ, ಬತ್ತಿ ಹಚ್ಚಿ,
ನಾನು ಊದುವ ಮೊದಲು
ಒಂದು ನಿಮಿಷ ಹೊರಗೆ ಹೋಗಿ ನಿಂತು ಬರುತ್ತಿದ್ದಳು.
ಗಾಳಿ ನೋಡಲಿಕ್ಕೆ ಅಂದುಕೊಂಡಿದ್ದೆ.

ಕಚೇರಿಯ ಹುಡುಗ ಡಾಗ್‌ಫಿನ್ನುರ್ ದಪ್ಪ ಪುಸ್ತಕ ಬಿಚ್ಚಿ
ಸಂಖ್ಯೆ ತಾಳೆ ನೋಡಿದ.
ಥೋರ್ಕಾಟ್ಲಾ ಬ್ರಾಂಡ್ಸ್‌ಡೋಟಿರ್. ಹೆಸರಿನ ಮುಂದೆ ಒಂದು ಗೀಟು.
ಹಕ್ಕಿಯನ್ನು ತಿರುಗಿಸಿದವನು ಹುಬ್ಬೇರಿಸಿದ.
'ಈ ಗಾಳ ತೆಗೆಸಬೇಕಾಗುತ್ತೆ, ಮುಂದಿನವರಿಗೆ ಚುಚ್ಚೀತು.'
ಚುಚ್ಚಲಿ ಬಿಡಿ, ಅನ್ನಬೇಕೆಂದಿದ್ದೆ.
'ತೆಗೆಸಿ' ಅಂದೆ.

'ಹಿಂದಿರುಗಿಸುವುದು ಮತ್ತೇನಾದರೂ?'
ಕೋಟಿನ ಒಳಜೇಬಿನಲ್ಲಿ
ನನ್ನಷ್ಟೇ ವಯಸ್ಸಿನ ಹಾಳೆ ಬೆಚ್ಚಗೆ ಕೂತಿತ್ತು.
ಅದನ್ನು ಯಾರೂ ಕೊಟ್ಟದ್ದಲ್ಲ,
ಕೇಳುವವರೂ ಇಲ್ಲ.

ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತೆ.
ನೈಋತ್ಯ, ನಾಲ್ಕು. ತುಂತುರು. ನೋಟ ಚೆನ್ನಾಗಿದೆ.
ಜೋರಾಗಿಯೇ ಹೇಳಿದೆ.
ಸೈಕಲ್ಲಿನಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು
ತಿರುಗಿ ನೋಡಿದಳು.