ಸೂಜಿಮನೆ

ಶಾರ್ಜಾ, ಹದಿಮೂರನೇ ಇಂಡಸ್ಟ್ರಿಯಲ್ ಏರಿಯಾ.
ಟೈರ್ ಗೋದಾಮಿನ ಹಿಂದೆ ನಮ್ಮ ಶೆಡ್ಡು,
ಮೇಜಿನ ಮೇಲೊಂದು ಹಲಗೆ, ಹಲಗೆಯಲ್ಲಿ
ತಲೆಯೆತ್ತಿ ನಿಂತ ಇನ್ನೂರ ಆರು ಸೂಜಿ.
ಭೀಷ್ಮನ ಹಾಸಿಗೆ ಅಂದೆ, ಮೊದಲ ದಿನ.
ಸಿರಿಲ್ ಬಾಬ್ ನಗಲಿಲ್ಲ. 'ಬೆರಳಿಟ್ಟು ಒತ್ತು.'
ಒತ್ತಿದೆ. ಚುಚ್ಚಲಿಲ್ಲ.
ಎರಡು ಮಿಲಿಮೀಟರ್ ತಗ್ಗಿ,
ಬೆರಳು ತೆಗೆದದ್ದೇ
ಮತ್ತೆ ಅಷ್ಟೇ ಎತ್ತರ.

ಬಿಳಿ ಬಟ್ಟೆಯ ಮೇಲೆ ಒಮ್ಮೆ ಬಿಚ್ಚಿ ತೋರಿಸಿದರು:
ಮುಳ್ಳು. ಮುಳ್ಳಿನಡಿ ಕೂದಲೆಳೆಯ ಸ್ಪ್ರಿಂಗು.
ಎರಡನ್ನೂ ನುಂಗಿದ ನಳಿಗೆ.
ಆ ನಳಿಗೆ ಕೂರುವ ಇನ್ನೊಂದು ನಳಿಗೆಗೆ
ಕ್ಯಾಟಲಾಗಿನಲ್ಲಿ ರಿಸೆಪ್ಟಕಲ್ ಅಂತ ಹೆಸರು,
ಬಾಬ್ ಕರೆಯುತ್ತಿದ್ದದ್ದು ಮನೆ.
ವೈರು ಬೆಸೆದಿರುವುದು ಮನೆಯ ಬಾಲಕ್ಕೆ,
ಸೂಜಿಗೆ ಬೆಸುಗೆಯಿಲ್ಲ.
ಸವೆದ ದಿನ ಇಕ್ಕಳದಲ್ಲಿ ಹಿಡಿದು ಎಳೆ,
ಹೊಸದನ್ನು ತೂರಿಸು,
ಟಿಕ್ ಅಂದರೆ ಕೂತಿತು.

ತುದಿಗಳಲ್ಲೂ ಬಗೆ ಬಗೆ: ರಂಧ್ರಕ್ಕೆ ಈಟಿ,
ಉದ್ದ ಕಾಲಿನ ಬಿಡಿಭಾಗಕ್ಕೆ ಬಟ್ಟಲು,
ಬೆಸುಗೆಯ ಗುಬುಟಿಗೆ ಕಿರೀಟ.
ಎಲ್ಲಕ್ಕೂ ಚಿನ್ನದ ನೀರು.
'ಚಿನ್ನ ಕಂಡೆಯೇನೋ ಅಲ್ಲಿ?' ಫೋನಿನಲ್ಲಿ ಚಿಕ್ಕಮ್ಮ.
ದಿನಾ ಮುಟ್ತೀನಿ ಅಂದೆ. ನಂಬಿಬಿಟ್ಟಳು.

ಶಮಾಲ್ ಬೀಸಿದ ವಾರ
ಏಸಿ ಬೋರ್ಡುಗಳು ಸಾಲುಸಾಲು ಫೇಲು.
ದೀಪ ಕೆಂಪು, ಮತ್ತೆ ಕೆಂಪು,
ರಿಜೆಕ್ಟ್ ಟ್ರೇಯಲ್ಲಿ ನಲವತ್ತೊಂದು.
ಮಜೀದ್ ಸಾಹೇಬರ ದನಿ ಗೋದಾಮಿನವರೆಗೂ ಹೋಯಿತು.
ಬಾಬ್ ಬೋರ್ಡಿನತ್ತ ತಿರುಗಲೂ ಇಲ್ಲ.
ಕೇರಂ ಆಡುವವರ ಹಾಗೆ ಒಂದು ಕಣ್ಣು ಮುಚ್ಚಿ
ಹಲಗೆಯ ಮಟ್ಟಕ್ಕೆ ಬಾಗಿ ನೋಡಿದರು.
'ನೂರ ಹದಿನೇಳು.'
ತಗ್ಗಿದ್ದು ಮೇಲೆ ಬಂದಿರಲಿಲ್ಲ.
ಹಿಟ್ಟಿಗಿಂತ ನುಣುಪಾದ ಮರಳು, ನಳಿಗೆಯೊಳಗೆ.
ಬೋರ್ಡುಗಳು ನಲವತ್ತೊಂದೂ ಸರಿಯೇ ಇದ್ದವು.

ಆ ತಿಂಗಳ ಕೊನೆಗೆ ಅವರ ವೀಸಾ ಮುಗಿಯಿತು.
ರೋಲಾದ ನಮ್ಮ ಕೋಣೆಯಲ್ಲಿ, ಕಿಟಕಿ ಬದಿಯ ಕೆಳಮಂಚ
ಶುಕ್ರವಾರ ಸಂಜೆ ಖಾಲಿ.
ಶನಿವಾರ ಅಲ್ಲಿ ಪೋಖರಾದ ಹುಡುಗ,
ಟಿಕೇಂದ್ರ ಅಂತೆ. ಬಾಡಿಗೆ ಅದೇ,
ಟವೆಲ್ಲಿನ ಮೊಳೆ ಅದೇ.
ಮಂಚದಡಿ ಚಪ್ಪಲಿ ಜೋಡಿಸಿಟ್ಟು
ನಮ್ಮನ್ನೆಲ್ಲ ಒಮ್ಮೆ ನೋಡಿ, ಕೇಳಿ,
ದೀಪ ಆರಿಸಿದ.
ಟಿಕ್.

ನೂರ ಹದಿನೇಳನ್ನು ನಾನು ಬಿಸಾಡಲಿಲ್ಲ.
ಬೆಂಕಿಪೊಟ್ಟಣದಲ್ಲಿದೆ, ದಿಂಬಿನ ಕೆಳಗೆ.
ಆಗಾಗ ಕಿವಿಯ ಬಳಿ ಅಲ್ಲಾಡಿಸುತ್ತೇನೆ,
ಮರಳಿನ ಸದ್ದೂ ಇಲ್ಲ.
ನಿನ್ನೆ ರಾತ್ರಿ, ಯಾಕೋ ಗೊತ್ತಿಲ್ಲ,
ಅಂಗೈ ಬಿಸಿಗೋ ಏನೋ,
ಅರ್ಧ ಎದ್ದಿತು.