ಹತ್ತು ದಿನದ ದಾಮೂಅಣ್ಣ

ಪೇಂಡ್ಸೆಯವರು ಮನಾಲಿಗೆ ಹೋಗೂ ಹಿಂದಿನ ದಿನ
ವಾಡೇದ ಅಂಗಳ ದಾಟಿ ಬಂದು
ನನ್ನ ಕೋಣಿ ಬಾಗಿಲಾಗ ಒಂದು ಬುಟ್ಟಿ ಇಟ್ರು.
ಬುಟ್ಟಿಯೊಳಗ ದಾಮೂಅಣ್ಣ.
ಜೋಡಿಗೆ ಮರಾಠಿಯೊಳಗ ಬರೆದ ಚೀಟಿ:
ಮೆಂತ್ಯ ಕೊಡ್ರಿ, ಸೌತಿಕಾಯಿ ಸಣ್ಣಗ ಹೆಚ್ಚಿ ಕೊಡ್ರಿ,
ದಾಸಾಳ ಹೂವಂದ್ರ ಪ್ರಾಣ.
ಹಾಲು ಬ್ಯಾಡ, ಪಾವ್ ಬ್ಯಾಡ,
ಮುಂಜಾನಿ ಎಂಟರ ಬಿಸಿಲು ತಪ್ಪಸಬ್ಯಾಡ್ರಿ.
ಅದರ ಕೆಳಗ ಓವಿ, ಎಂಟು ವರ್ಷದಾಕಿ, ಹಸರು ಪೆನ್ನಿನಾಗ:
'ಮೌಶಿ, ಅವನ ಜೋಡಿ ಮಾತಾಡು. ಅವಗ ಕೇಳತೈತಿ.'

ಏನು ಮಾತಾಡಲಿ ಆಮಿ ಜೋಡಿ?
ಕಸಬಾ ಪೇಠದಾಗ ಹದಿನಾರು ವರ್ಷ
ಸೀರಿಗೆ ಫಾಲ್ ಹಚ್ಚಿ, ಪಿಕೋ ಮಾಡಿ
ನನ್ನ ಮಾತೆಲ್ಲ ಮಂದಿ ಅಂಚಿನಾಗ ಹೊಲದು ಹೋಗ್ಯಾವ.
ಮೊದಲನೇ ದಿನ ಮರಾಠಿಯೊಳಗ ಕೇಳಿದೆ: ಜೇವ್ಲಾಸ್ ಕಾ?
ತಲಿ ಒಳಗ.
ಎರಡನೇ ದಿನ ನಮ್ಮ ಇಂಡಿ ಕಡೆ ಮಾತಿನಾಗ:
ಉಂಡೇನೋ ಯಪ್ಪಾ?
ಸುಕ್ಕುಗಟ್ಟಿದ ಕುತ್ತಿಗಿ ಒಂದು ಬೊಟ್ಟಿನಷ್ಟು ಹೊರಗ ಬಂತು.
ಸುಳ್ಳಲ್ಲ. ಆದ್ರ ನನ್ನ ಕೈಯಾಗ ದಾಸಾಳ ಹೂವೂ ಇತ್ತು,
ಅದನ್ನೂ ಹೇಳಬೇಕು.

ನಾಕನೇ ದಿನ ಮಧ್ಯಾಹ್ನ
ಮಿಷನ್ ತುಳಿಯೂದು ನಿಲ್ಲಿಸಿ ನೋಡ್ತೀನಿ,
ಬುಟ್ಟಿ ಅಡ್ಡ ಬಿದ್ದೈತಿ.
ಹತ್ತು ಬೈ ಹನ್ನೆರಡರ ಕೋಣಿ. ಗೇಣು ಎತ್ತರದ ಹೊಸ್ತಿಲ.
ಇಷ್ಟರಾಗ, ಇಷ್ಟು ಸಾವಕಾಶ ನಡೆಯೂ ಜೀವ
ಕಳೆದು ಹೋಗೂದಂದ್ರ ಹೆಂಗ?

ಮಂಚದ ಬುಡಕ ಟಾರ್ಚ್ ಬಿಟ್ಟೆ.
ಸಿಕ್ಕದ್ದು: ಹ್ವಾದ ದೀಪಾವಳಿಗೆ ಕಾಣದಂಗಾದ ಬಾಬಿನ್,
ಒಂದು ಕಿವಿಯ ಜುಮಕಿ
(ಒಂಟಿ ಇಟ್ಟು ಏನ್ ಮಾಡೂದಂತ ಇದರ ಜೋಡಿ ಮಾರಿ ವರ್ಷಾತು),
ಯಾವುದೋ ಪೋಲಕದ ಗುಂಡಿ,
ಮತ್ತ ಮೆಂತ್ಯದ ಒಂದು ಎಲಿ, ಇನ್ನೂ ಹಸಿ.
ಅವ ಇಲ್ಲಿಗೆ ಬಂದಿದ್ದ. ಬಂದು, ಮುಂದ ಹೋಗಿದ್ದ.

ಸಂಜಿಗೆ ಫೋನಿನಾಗ ಓವಿ. ಕೆಂಪು ಉಣ್ಣಿ ಟೊಪ್ಪಿಗಿ.
ಹಿಂದ ಬೆಳ್ಳಗ ಹಿಮ. ಬಾಯಿಂದ ಹೊಗಿ ಬಿಟ್ಟು ತೋರಿಸಿದಳು.
'ಮೌಶಿ, ದಾಮೂನ ತೋರಸು.'
ದೀಪ ಆರಿಸಿದೆ. ಬುಟ್ಟಿಯೊಳಗ
ಪಡ್ಡಿನ ಹಂಚು ಬೋರಲ ಇಟ್ಟು, ಮಬ್ಬಿನಾಗ ಹಿಡಿದು,
ಮಲಗ್ಯಾನ ಅಂದೆ.
ಹಂಚಿನ ಗುಬ್ಬಿ ಗುಬ್ಬಿ ಬೆನ್ನು ನೋಡಿ ಹುಡುಗಿ
ದನಿ ಸಣ್ಣ ಮಾಡಿದಳು: 'ಹಂಗಾರ ಎಬ್ಬಸಬ್ಯಾಡ.'

ಆ ಸಣ್ಣ ದನಿ. ಬೆರಳಿಗೆ ಸೂಜಿ ಏರಿದ್ರೂ
ಹಿಂಗ ಚುಚ್ಚಂಗಿಲ್ಲ.

ರಾತ್ರಿ ಮೂರಕ್ಕ, ಗಿರಾಕಿ ಸೀರಿ ಒಟ್ಟಿದ ಮೂಲಿಯಿಂದ ಸಪ್ಪಳ,
ಉಗುರಲೆ ರೇಷ್ಮಿ ಕೆರೆದಂಗ.
ಒಂದೊಂದೇ ತೆಗೆದೆ: ಪೈಠಣಿ ಎರಡು, ಸಿಂಥೆಟಿಕ್ ನಾಕು,
ತಳದಾಗ ಟೋಪತೆನಿ ಸೆರಗಿನ ಇಳಕಲ್ಲ ಸೀರಿ,
ಅದರ ಮಡಿಕಿಯೊಳಗ ಕಾಲು ಚಾಚಿಕೊಂಡು ದಾಮೂಅಣ್ಣ!
ಇಷ್ಟು ಸೀರಿ ಬಿಟ್ಟು ನಮ್ಮ ಕಡೆದನ್ನ ಆರಿಸ್ಯಾನ,
ಬೈಯಾಕ ಬಾಯಿ ಬರಲಿಲ್ಲ.
ಅಂಗೈ ಅಗಲ ಒದ್ದಿ ಮಾಡಿದ್ದ.
ಅದಕ್ಕಷ್ಟೇ ಬೈದೆ.

ಆಮ್ಯಾಲ ಬೆಳಗಿನ ತನಕ ಮಾತಾಡಿದೆ.
ಏನಂತ ಇಲ್ಲಿ ಬರೆಯೂದಿಲ್ಲ.
ಅವಗ ಹೇಳಿದ್ದು ಅವನ ಹತ್ರ ಇರಲಿ.

ಹತ್ತನೇ ದಿನ ಅವರು ಬಂದ್ರು,
ಸೇಬಿನ ಡಬ್ಬಿ, ಅಕ್ರೋಟ, ಸುಲಿದ ಮೂಗು.
ಓವಿ ಅವನ್ನ ಎತ್ತಿ ತೂಗಿ ನೋಡಿದಳು:
'ಮೌಶಿ, ಮಾತಾಡಿದ್ಯಾ?'
'ಹೂಂ.'
'ಅವ ಏನಂದ?'
'ಟೊಪ್ಪಿಗಿ ಚಂದ ಐತಂತ.'
ಇದು ನನ್ನ ಎರಡನೇ ಸುಳ್ಳು.

ಇಳಕಲ್ಲ ಸೀರಿ ಒಗದು, ನೆರಳಿಗೆ ಒಣಗಿಸಿ ಕೊಟ್ಟೆ,
ಫಾಲಿನ ರೊಕ್ಕ ತಗೊಳ್ಳಲಿಲ್ಲ.
ಯಾಕಂತ ಕೇಳಿದಳು ಆ ಬಾಯಿ. ಊರಿನ ಸೀರಿ, ಅಂದೆ.

ಬುಟ್ಟಿ ಇದ್ದಲ್ಲಿ ಈಗ ದಾರದ ಡಬ್ಬಿ ಐತಿ.
ಆದ್ರೂ ರಾತ್ರಿ ನೀರು ಕುಡಿಯಾಕ ಎದ್ರ
ಹೆಜ್ಜಿ ಎತ್ತಿ ಇಡಂಗಿಲ್ಲ ನಾ.
ಪಾದ ನೆಲಕ್ಕ ಹಚ್ಚೇ ಸರಸ್ತೀನಿ,
ಒಂದು ಗೇಣು,
ಮತ್ತೊಂದು ಗೇಣು.